ಹೋಗಿ ನೋಡು

ಹಾಸನದ ಡೇರಿಯ ಹಿಂಬದಿ ಕೋಣೆ.
ರಾತ್ರಿ ಹತ್ತರ ಪಾಳಿ ನನ್ನದು.
ಗೋಡೆಯಾಚೆ ಕ್ಯಾನು ತೊಳೆಯುವ ಸದ್ದು,
ಈಚೆ ಎಂದೂ ಮಲಗದ ಒಂದು ಪರ್ಲ್ ಪ್ರೋಗ್ರಾಮು,
ಖೈರುನ್ನಿಸಾ ಮೇಡಂ ಬರೆದಿಟ್ಟು ಹೋದದ್ದು.
ನಿವೃತ್ತಿಯ ದಿನ ಕೊರಳಿನ ಹಾರ ತೆಗೆಯುತ್ತ ಅಂದಿದ್ದರು:
"ಬದಲಾಯಿಸು, ಪರವಾಗಿಲ್ಲ. ಓದಿ ಬದಲಾಯಿಸು."

ಅದರೊಳಗೊಂದು ಹ್ಯಾಶ್.
ವಾಚ್‌ಮನ್ ಕೋಣೆಯ ಬೀಗದಕೈ ಹಲಗೆ ನೋಡಿದ್ದೀರಲ್ಲ,
ಮೊಳೆಗೊಂದು ಹೆಸರು, ಹಾಗೆ.
ದುದ್ದ, ಗಂಡಸಿ, ಕೊಣನೂರು,
ನುಗ್ಗೇಹಳ್ಳಿ, ಹಿರೀಸಾವೆ, ಬಾಣಾವರ.
ಸಾಲಾಗಿ ನಿಲ್ಲುವ ಅಭ್ಯಾಸ ಅವಕ್ಕಿಲ್ಲ.
ಎಬ್ಬಿಸಿದಾಗೊಮ್ಮೆ ಬೇರೆ ಸರದಿಯಲ್ಲಿ ಬರುತ್ತವೆ,
ಬಸ್ ಸ್ಟ್ಯಾಂಡಿನ ಏಜೆಂಟ್ ಊರು ಕೂಗಿದಂತೆ.

ಮೊಳೆಯಲ್ಲಿ ನೇತಾಡುವುದು ಫೈಲ್ ಅಲ್ಲ,
ಫೈಲ್ ಬಂತೆಂಬ ಮಾತೂ ಅಲ್ಲ.
ಒಂದು ಕೆಲಸದ ವಿಳಾಸ, ಚೀಟಿ:
ಹೋಗಿ ನೋಡು.

ಊರಿಗೊಂದು ನೋಡುವ ಬಗೆ.
ಗಂಡಸಿಗೆ, ಇದೆಯಾ ಎಂದರೆ ಸಾಕು.
ಕೊಣನೂರಿನದು ಇದ್ದೂ ಬರಿದಾಗಿರುವುದುಂಟು,
ಎತ್ತಿ ತೂಗಬೇಕು.
ಬಾಣಾವರದವರು ನಿನ್ನೆಯದನ್ನೇ ಬಿಟ್ಟಿರುತ್ತಾರೆ,
ವಯಸ್ಸು ಕೇಳಬೇಕು.
ಶಾಂತಿಗ್ರಾಮದ ಕೇಂದ್ರ ಮುಚ್ಚಿ ಎಷ್ಟೋ ವರ್ಷ,
ಅದರ ಮೊಳೆಗೆ ಮಾತ್ರ ಬರೀ ಒಂದು "ಹೌದು" ಸಿಕ್ಕಿಸಿದ್ದರು,
ಜತೆಗೊಂದು ನಿಯಮ:
ವಿಳಾಸವಾದರೆ ಹೋಗು, ಮಾತಾದರೆ ನಂಬು.

ಜಾವಗಲ್ಲಿನದು ಹೊಸ ಕೇಂದ್ರ. ಮೊಳೆ ಹೊಡೆದವ ನಾನು.
ಹೆಸರು ಬರೆದೆ, ಬಾಣ ಬರೆದೆ, ಕೆಲಸವನ್ನೂ ಬರೆದೆ.
ಕೆಲಸದ ಮುಂದೆ ಎಡಕ್ಕೆ ವಾಲಿ ನಿಲ್ಲಬೇಕಿದ್ದ
ಒಂದು ಗೆರೆ ಬರೆಯಲಿಲ್ಲ.

ಆ ಗೆರೆಯಿದ್ದರೆ, "ಈಗ ಬೇಡ, ಕರೆದಾಗ ಹೋಗು."
ಇಲ್ಲದಿದ್ದರೆ ಅಲ್ಲೇ, ಆಗಲೇ ಓಡುತ್ತದೆ.
ಓಡಿತು. ಸೋಮವಾರ ಮಧ್ಯಾಹ್ನ, ಫೈಲ್ ಇತ್ತು.
ತಂದ "ಹೌದ"ನ್ನು ಮೊಳೆಗೆ ಸಿಕ್ಕಿಸಿ
ಕೆಲಸ ಕೈತೊಳೆದುಕೊಂಡಿತು.

ಮಂಗಳವಾರ ಹೌದು. ಬುಧವಾರ ಹೌದು.
ಬೋರಲಿಂಗಯ್ಯನವರ ಮೋಡೆಮ್ಮಿಗೆ ಸಿಡಿಲು ಬಡಿದ ರಾತ್ರಿಯೂ ಹೌದು.

ಹತ್ತನೆಯ ದಿನ ಫೋನು:
"ಕಳ್ಸೇ ಇಲ್ಲ ಕಣಪ್ಪ ನಾನು, ಅದೆಂಗೆ ಬಂದೈತೆ ಅಂತೀಯ?
ಸಣ್ಣಮ್ಮ ಬೆಳಿಗ್ಗೆ ಆರು ಲೀಟ್ರು, ಸಂಜೆ ನಾಕು,
ಬುಕ್ನಲ್ಲೈತೆ. ದುಡ್ಡಲ್ಲಿಲ್ಲ.
ಬಂದು ನನ್ನ ಬಾಗ್ಲಲ್ಲೇ ಕೂತವ್ಳೆ."
ನೂರಾ ಹದಿನೆಂಟು ಮಂದಿಯ ಬಟವಾಡೆ.

ಆ ರಾತ್ರಿ ಮೊಳೆಗಳನ್ನೆಲ್ಲ ಪರದೆಯ ಮೇಲೆ ಸುರಿದೆ.
ದುದ್ದದ ಎದುರು ಕೋಡ್, ಆವರಣದೊಳಗೆ
ಹಲ್ಲಿಗೆ ಸಿಕ್ಕದ ಅಂಕಿ ಅಕ್ಷರಗಳ ಕಲಸುಮೇಲೋಗರ.
ಗಂಡಸಿಯದೂ ಹಾಗೇ. ನುಗ್ಗೇಹಳ್ಳಿಯದೂ.
ಮುಚ್ಚಿದ ಶಾಂತಿಗ್ರಾಮದ ಎದುರು ಒಂದು 1.
ಜಾವಗಲ್ಲಿನ ಎದುರು ಒಂದು 1.
ನೆಟ್ಟಗೆ, ಚೊಕ್ಕವಾಗಿ.

ದಿನಾ ಹಾಲು ಸುರಿಯುವ ಊರನ್ನು ನಾನು
ಸತ್ತ ಕೇಂದ್ರದ ಪಕ್ಕ ನಿಲ್ಲಿಸಿದ್ದೆ.

ಗೆರೆ ಹಾಕಿದೆ.
ಪ್ರೋಗ್ರಾಮನ್ನು ಮಲಗಿಸಿ ಎಬ್ಬಿಸಿದೆ.
ಊರುಗಳು ತಮಗೆ ತೋಚಿದಂತೆ ಎದ್ದು ಬಂದವು,
ಕೊನೆಗೆಲ್ಲೋ ಜಾವಗಲ್:
ಇಲ್ಲ.
"ಇಲ್ಲ" ಓದಿ ಅಷ್ಟು ಹಗುರಾದದ್ದು
ನನಗೆ ನೆನಪಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಬೋರಲಿಂಗಯ್ಯ ಬಂದರು,
ಹಾಲಿನ ಪ್ಯಾಕೆಟ್ಟಿನ ಕವರೊಳಗೆ ಸುತ್ತಿದ ಪೆನ್‌ಡ್ರೈವ್.
ಬೈಯಲಿಲ್ಲ. ಟೀ ಕುಡಿಸಿ ಅಂದರು.

ಮೇಡಂಗೆ ಫೋನು ಮಾಡಿದೆ.
ಗೆರೆ ಬಿಟ್ಟದ್ದು ಹೇಳಿದೆ.
ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಗುವವರೆಗೆ ಮಾತಿಲ್ಲ.
"ಎಷ್ಟು ದಿನ?"
"ಒಂಬತ್ತು."
"ನಂದು ಹದಿನಾಲ್ಕು," ಅಂದರು,
"ಅರಕಲಗೂಡು."