ಹನ್ನೆರಡನೆಯ ಹೆಸರು

ಬೆಂಚಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು ಲೀಲೋ.
ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ತಾನೆಲ್ ಅದನ್ನು ಹಿಡಿದ,
ಕಳಿಸಿದ.
ಸಂಜೆಯೊಳಗೆ ದ್ವೀಪಕ್ಕೆ ದ್ವೀಪವೇ ನಕ್ಕಿತ್ತು.

ಬೈಯಲಿಲ್ಲ ನಾನು. ಮರುದಿನ
‘ಹೋಗಿ ವಾಪಸು ತಗೊಂಡು ಬಾ’ ಎಂದೆ.
ಹನ್ನೊಂದು ಮನೆ, ಹಿಮದಲ್ಲಿ ಒಂದು ಸೈಕಲ್ಲು.

ಮೀನಿಗೆ ಹೊಗೆ ಕೊಡುತ್ತಿದ್ದ ಊಲೋ
ಕೈ ಒರೆಸಿಕೊಂಡು ಅಳಿಸಿದನಂತೆ.
ಅಂಚೆಯಾಕೆ ಬಿಸಿ ಹಾಲು ಕೊಟ್ಟಳಂತೆ,
ಚಿತ್ರ ಮಾತ್ರ ಎಲ್ಲಿ ಹೋಯಿತೋ ಸಿಗಲಿಲ್ಲವಂತೆ.
ಹೆಲ್ಯು ಅಜ್ಜಿ ಆಗಲೇ ತಂಗಿಗೆ ಕಳಿಸಿದ್ದಾಳೆ, ಟಾಲಿನ್ನಿಗೆ;
ಅಲ್ಲಿಗೆ ಸೈಕಲ್ಲು ಹೋಗುವುದಿಲ್ಲ.
ಹೊರಟ ಫೆರ್ರಿಯನ್ನು ಹುಡುಗ
ಕಟ್ಟೆಯ ಮೇಲೆ ನಿಂತು ಬಹಳ ಹೊತ್ತು ನೋಡಿದನೆಂದು
ಟಿಕೇಟಿನವನು ಹೇಳಿದ.

ನಾಳೆಯ ಪಾಠ ಸಿದ್ಧವಾಗಿತ್ತು ನನ್ನಲ್ಲಿ:
ಆಡಿದ ಮಾತು, ಒಡೆದ ಮುತ್ತು, ಇತ್ಯಾದಿ.

ಕತ್ತಲಾದ ಮೇಲೆ ಬಾಗಿಲು ಬಡಿದ ಸದ್ದು.
ಕೆಂಪು ಮೂಗು, ಒದ್ದೆ ಕೈಗವಸು, ಮುದುಡಿದ ಪಟ್ಟಿ.
ಹನ್ನೊಂದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಹೆಸರು.
‘ಟೀಚರ್, ನಿಮ್ಮ ಫೋನಿನಲ್ಲೂ ಇದೆಯಂತೆ.’

ಇತ್ತು.
ನಿನ್ನೆ ರಾತ್ರಿ ಒಲೆಯ ಮುಂದೆ ನಾನೂ ನಕ್ಕಿದ್ದೆ,
ಒಂದಲ್ಲ, ಎರಡು ಸಲ.

ಅವನ ಕಣ್ಣೆದುರೇ ಅಳಿಸಿದೆ.
ನನ್ನ ಹೆಸರಿನ ಮೇಲೆ ಗೆರೆ ಎಳೆದು
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.
‘ಲೀಲೋ ಮನೆ ಒಂದು ಉಳಿಯಿತು.
ನೀವೂ ಬರ್ತೀರಾ?’