ಪೆಟ್ಟಿಗೆ ಹದಿನೇಳು

ಗದಗಿನ ಕಾಲೇಜಿನ ಹಿಂದಿನ ಕೋಣೆ. ಮೊದಲು ಇಲ್ಲಿ
ಎನ್‌ಸಿಸಿ ಬೂಟು ಇಡುತ್ತಿದ್ದರಂತೆ.
ಈಗ ನೀಲಗಂಗಾ ಹೊಂಬಳ ಅವರ ಇಪ್ಪತ್ತಮೂರು ಪೆಟ್ಟಿಗೆ,
ಒಂದು ಕುರ್ಚಿ, ಒಂದು ಜೋಡಿ ಬಿಳಿ ಕೈಗವಸು,
ಮೂರು ತಿಂಗಳ ಕರಾರಿನ ನಾನು.

ಬಿಸ್ಕೀಟಿನ ರಟ್ಟು, ಬೇವಿನ ಸೊಪ್ಪು, ಹೈಪೋ ವಾಸನೆ.
ಕಟ್ಟು ಬಿಚ್ಚಿದರೆ ಕಾಗದಕ್ಕಿಂತ ಮೊದಲು
ಒಣಗಿದ ಎಲೆ ಉದುರುತ್ತದೆ.

ಬೆಟಗೇರಿಯಲ್ಲಿ ಸ್ಟುಡಿಯೋ. ಹೊಟ್ಟೆಗೆ ಪಾಸ್‌ಪೋರ್ಟ್ ಸೈಜು,
ಉಳಿದ ರೊಕ್ಕವೆಲ್ಲ ಬಸ್ಸಿನ ಟಿಕೀಟು:
ರೋಣ, ಶಿರಹಟ್ಟಿ, ಲಕ್ಷ್ಮೇಶ್ವರ, ಮತ್ತೆ ರೋಣ.
ಟಿಕೀಟಿಗೆ ಟಾಚಣಿ ಚುಚ್ಚಿದ ಚೀಟಿ, ಸೀಸದಕಡ್ಡಿಯ ಅಕ್ಷರ:
"ಅಂದಾನೆಪ್ಪ ಚಿತ್ರಗಾರ. ನಾಟಕದ ಪರದೆ, ಕಾಡಿನ ಸೀನು.
ಹುಲಿಯ ಎಡಗಣ್ಣು ಇಲಿ ತಿಂದಿತ್ತು. ನನ್ನೆದುರೇ ಬರೆದ.
ಚಹಾ ಎರಡು."
"ದಾವಲಸಾಬ. ಅಂಗಡಿ ಬೋರ್ಡು. ಇವನ 'ಳ' ನೋಡಿದರ
ಅಕ್ಷರಕ್ಕೂ ನಡ ಇರತದ ಅನಸತದ."
"ತುಂಗವ್ವ ಇಟಗಿ. ಕಸೂತಿ. ಬೈದಳು:
ಹಿಂದ ಮುಂದ ಎಲ್ಲಾ ಒಂದ ಇರಬೇಕವ್ವ, ಹಿಂಬದೀನೂ ತಗಿ."

ಪೆಟ್ಟಿಗೆ ಒಂಬತ್ತು, ಪತ್ರವ್ಯವಹಾರ.
"ತಮ್ಮ ಅರ್ಜಿ ತಲುಪಿದೆ. ಸದರಿ ಕಲೆಯು
ಯಾವ ಶೀರ್ಷಿಕೆಯಡಿ ಬರುತ್ತದೆಂದು ತಿಳಿಸುವುದು."
ಹನ್ನೊಂದು ವರ್ಷ ಹನ್ನೊಂದು ಸಲ ಇದೇ ವಾಕ್ಯ,
ಸಹಿ ಮಾತ್ರ ಬೇರೆ ಬೇರೆ.
ಅವರು ಕಾಯುತ್ತ ಕೂರಲಿಲ್ಲ. ಹತ್ತಿ ಮಾರ್ಕೆಟಿನ ಖಾಲಿ ಗೋದಾಮಿನಲ್ಲಿ
ಸೆಣಬಿನ ಹಗ್ಗ ಎಳೆದು, ಅರಿವೆ ಒಣಹಾಕುವ ಚಿಮಟಿಗೆಯಲ್ಲಿ
ಎಂಬತ್ತು ಚಿತ್ರ ನೇತುಹಾಕಿದರು.
ಅಭಿಪ್ರಾಯದ ವಹಿಯಲ್ಲಿ ಮೊದಲ ಸಾಲು:
"ಛಲೋ ಅದಾವ. ಫ್ಯಾನ್ ಹಚ್ಚಬೇಕಿತ್ತು."
ಅದರ ಕೆಳಗೊಂದು ಹೆಬ್ಬೆರಳಿನ ಗುರುತು,
ಅಂಗಡಿ ಬೋರ್ಡಿನ ಕೆಂಪಿನಲ್ಲಿ.

ಪ್ರತಿ ಪ್ರದರ್ಶನದ ಪಟ್ಟಿಯಲ್ಲೂ ನಲವತ್ತೊಂದನೆಯ ಜಾಗ ಖಾಲಿ.
ಟೈಪಿಸ್ಟನ ತಪ್ಪೆಂದುಕೊಂಡಿದ್ದೆ,
ಹದಿನೇಳನೆಯ ಪೆಟ್ಟಿಗೆ ತೆರೆಯುವ ತನಕ.

ಒಂದೇ ಲಕೋಟೆ, ಒಂದೇ ನೆಗೆಟಿವ್. ಕಿಟಕಿಗೆ ಹಿಡಿದೆ.
ನೆರಳೆಲ್ಲ ಬೆಳಕಾಗಿ, ಬೆಳಕೆಲ್ಲ ಮಸಿಯಾಗಿ
ಮಣ್ಣೆತ್ತಿನ ಅಮಾವಾಸ್ಯೆಯ ಒಂದು ಜೋಡಿ ಎತ್ತು,
ಹಿಣಿಲು ತಿದ್ದುತ್ತಿರುವ ಎರಡು ಕೈ.
ಮೊಣಕೈಗೆ ಚೌಕಟ್ಟು ಮುಗಿದಿದೆ.
ಲಕೋಟೆಯ ಮೇಲೆ: "ಹೆಸರು ಕೇಳಲಿಲ್ಲ. ಬಸ್ಸು ಹಾರನ್ ಹಾಕಿತು."
ಕೆಳಗೆ ಬೇರೆ ಮಸಿ: "ಮತ್ತೆ ಹೋದೆ. ಕೀಲಿ."
"ಮತ್ತೆ ಹೋದೆ. ಒಬ್ಬರು ದ್ಯಾಮವ್ವ ಅಂದರು, ಒಬ್ಬರು ಕೆಂಚವ್ವ.
ಗಂಡನ ಹೆಸರು ಎಲ್ಲರಿಗೂ ಗೊತ್ತು."
"ಮತ್ತೆ ಹೋದೆ. ಓಣಿ ಅಗಲ ಮಾಡ್ಯಾರ."

ನನ್ನ ನಮೂನೆಯಲ್ಲೊಂದು ಕಲಮು: ಕರ್ತೃ. ಅರ್ಧ ಇಂಚಿನ ಜಾಗ.
ಮೇಲಿನವರನ್ನು ಕೇಳಿದೆ.
"ಫೋಟೋ ತೆಗೆದವರದ ಬರೀರಿ, ಮುಗೀತು."
ಬರೆಯಲು ಹೋದ ಕೈ ನಿಂತಿತು.

ಸ್ಟುಡಿಯೋದ ಪೆಟ್ಟಿಗೆ ಇನ್ನೂ ಆರು ಇವೆಯಲ್ಲ:
ರೇಶನ್ ಕಾರ್ಡಿಗೆ, ಪಿಂಚಣಿಗೆ, ಅಂಗನವಾಡಿಯ ಅರ್ಜಿಗೆ
ತೆಗೆಸಿಕೊಂಡ ಆರು ಸಾವಿರ ಪಾಸ್‌ಪೋರ್ಟ್ ಸೈಜು,
ಒಂದೊಂದಕ್ಕೂ ಹೆಸರು, ಊರು, ಪಾವತಿ ನಂಬರು.
ಆಕೆಯೂ ಒಮ್ಮೆ ಬಂದು ಆ ಸ್ಟೂಲಿನ ಮೇಲೆ ಕೂತಿರಬಹುದು.
ನೀಲಗಂಗಾ ಅವರೇ "ಗದ್ದ ಎತ್ತವ್ವಾ" ಎಂದಿರಬಹುದು,
ಹೆಸರು ಕೇಳಿ ಬರೆದುಕೊಂಡಿರಬಹುದು.

ಆದರೆ ಅಲ್ಲಿ ಯಾರಿಗೂ ಕೈಯಿಲ್ಲ.
ಇಲ್ಲಿ ಮುಖವಿಲ್ಲ.

ಕರಾರು ಮುಗಿಯಲು ಹತ್ತೊಂಬತ್ತು ದಿನ.
ಯಾರೂ ಹೇಳದ ಕೆಲಸ, ಪಗಾರಿಗೆ ಸೇರದ್ದು.
ಊಟದ ಬಿಡುವಿನಲ್ಲಿ ಗಿರಮಿಟ್ಟಿನ ಎಣ್ಣೆ ಒರೆಸಿಕೊಂಡು
ಕೈಗವಸು ಏರಿಸಿ ಕಿಟಕಿಗೆ ಹಿಡಿಯುತ್ತೇನೆ:
ಇನ್ನೂರ ಹನ್ನೆರಡು, ಕೆಂಚವ್ವ ತಳವಾರ, ನರೇಗಲ್ಲು.
ಭುಜದ ಹತ್ತಿರ ಸೀರೆಯ ಮೇಲೆ ಏನೋ ಕಲೆ.
ಮಣ್ಣೋ, ಸರಿಯಾಗಿ ತೊಳೆಯದೆ ಉಳಿದ ಹೈಪೋವೋ.
ಪಕ್ಕಕ್ಕಿಡುತ್ತೇನೆ.
ಇನ್ನೂರ ಹದಿಮೂರು.