ಪುಟ ನಲವತ್ತೊಂದರ ಅಂಚಿನಲ್ಲಿ

ಇನ್ನು ಮುಂದೆ ಎರಡನೇ ಆವೃತ್ತಿ ಅಚ್ಚಾಗುವುದಿಲ್ಲ,
ಕಂಪನಿಯವರು ಬರೆದಿದ್ದರು. ಕೆಳಗೊಂದು ಥ್ಯಾಂಕ್ಸು.
ಟೌನೊ ಆ ಕಾಗದವನ್ನು ನಾಲ್ಕಾಗಿ ಮಡಚಿ
ಅಲ್ಲಾಡುವ ಮೇಜಿನ ಕಾಲಡಿಗೆ ಸಿಕ್ಕಿಸಿ
"ಯಾರ ಸರದಿ?" ಅಂದ.

ಹತ್ತೊಂಬತ್ತು ವರ್ಷವಾಯಿತು.
ಮೇಜು ಆಮೇಲೆ ಅಲ್ಲಾಡಿದ್ದಿಲ್ಲ,
ನಡುರಾತ್ರಿ ಒಂದೂಕಾಲಕ್ಕೊಮ್ಮೆ ಬಿಟ್ಟರೆ.

ಒಂದೂಕಾಲಕ್ಕೆ ಕಿರುನಾದ ಹೊಟ್ಟೆಯೊಳಗೆ ಗಣಿ ಸಿಡಿಯುತ್ತದೆ.
ಕಿಲೋಮೀಟರು ಆಳದಲ್ಲಿ ಕಬ್ಬಿಣದ ಬಂಡೆ ಬಿರಿದರೆ
ಮೇಲೆ ನಮ್ಮ ಕಾಫಿಯಲ್ಲೊಂದು ಉಂಗುರ.
ಒಮ್ಮೆ ಹೀಗಾಯಿತು: ವಿವಿ-ಆನ್ ಎಸೆದ
ಇಪ್ಪತ್ತು ಮುಖದ ದಾಳ ಮೂರಕ್ಕೆ ನಿಂತಿತ್ತು,
ಹಗ್ಗದ ಸೇತುವೆಯ ಮೇಲೆ ಅವಳ ಕಳ್ಳಿ ಸತ್ತ ಲೆಕ್ಕ.
ನೆಲ ಗುಡುಗಿತು. ದಾಳ ಒಂದು ಮಗ್ಗುಲು ಹೊರಳಿ
ಹದಿನೇಳು.

ನಾಲ್ಕು ಶುಕ್ರವಾರ ಜಗಳ.
ನಿಂತದ್ದು ನಿಂತಂತೆ, ಅಂತ ಅಸ್ಲಾಕ್.
ಭೂಮಿಯೂ ಒಂದು ಗರ ಹಾಕಿದರೆ ನಿನ್ನ ಗಂಟೇನು ಹೋಯಿತು,
ಅಂತ ಅವಳು.
ಕೊನೆಗೆ ಟೌನೊ ಪೆನ್ಸಿಲು ಚೂಪು ಮಾಡಿ
ಪುಟ ನಲವತ್ತೊಂದರ ಅಂಚಿನಲ್ಲಿ ಬರೆದ:
ಸ್ಫೋಟ ಹೊರಳಿಸಿದ ದಾಳ ಊರ್ಜಿತ.

ಮೂರನೆಯದು ಬಂತು, ನಾಲ್ಕನೆಯದು ಬಂತು.
ಅಸ್ಲಾಕನ ಮಗಳು ಸುನ್ನಾ ಐದನೆಯದನ್ನು
ಮಗುವಿನಂತೆ ಎತ್ತಿಕೊಂಡು ಬಂದಳು.
ಓದಿದೆವು. ಒಳ್ಳೆಯ ಪುಸ್ತಕ, ಸುಳ್ಳೇಕೆ ಹೇಳಲಿ.
ಅದರಲ್ಲಿ ಯಾರೂ ಅಷ್ಟು ಸುಲಭಕ್ಕೆ ಸಾಯುವುದಿಲ್ಲ,
ಕೋಷ್ಟಕಗಳ ಕೂಡಿಕೆ ಸರಿಯಾಗಿ ನೂರು.
ನಮ್ಮದರಲ್ಲಿ ಪುಟ ಎಂಬತ್ತೆಂಟರ ನಿಧಿ
ಅಚ್ಚಿನ ತಪ್ಪಿಗೆ ನೂರಾ ಒಂದು.
ಆ ಮಿಕ್ಕ ಒಂದರಲ್ಲಿ ಟೌನೊ
ಮಾತಾಡುವ ಮೇಕೆಯೊಂದನ್ನು ಕಟ್ಟಿಹಾಕಿದ್ದಾನೆ.
ನೂರು ಮುಖದ ದಾಳಕ್ಕೆ ನೂರೊಂದು ಬೀಳುವಂತಿಲ್ಲ.
ಆದರೂ ಪ್ರತಿ ಸಲ ಪೆಟ್ಟಿಗೆ ತೆರೆವಾಗ
ಒಂದು ಕ್ಷಣ ಕಿವಿಗೊಡುತ್ತೇವೆ.

"ನೀವು ಆಟಕ್ಕುಂಟು, ಲೆಕ್ಕಕ್ಕಿಲ್ಲ," ನಕ್ಕಳು ಸುನ್ನಾ.
ಕುರ್ಚಿ ಮಾತ್ರ ಎಳೆದುಕೊಂಡಳು.

ಆಮೇಲೆ ಊರಿಗೇ ಹೊಸ ಆವೃತ್ತಿ ಬಂತು.
ಗಣಿ ತಿಂದ ನೆಲ ಬಿರುಕುಬಿಟ್ಟು
ಮೂರು ಕಿಲೋಮೀಟರು ಪೂರ್ವಕ್ಕೆ
ಬ್ಯಾಂಕು, ಆಫೀಸು, ಗಡಿಯಾರದ ಗಂಟೆ ಹೋದವು.
ಕೆಲವು ಮನೆಗಳು ಲಾರಿ ಹತ್ತಿ
ಪರದೆ ಸಮೇತ ಹೊರಟವು.
ನಮ್ಮ ಕಟ್ಟಡಕ್ಕೆ ಆ ಭಾಗ್ಯವಿರಲಿಲ್ಲ, ಅದನ್ನು ಕೆಡವಿದರು.
ನಾನು ಬಸ್ಸು ಓಡಿಸುವವಳು;
ಈಗಲೂ ಆ ಬೇಲಿ ಬಂದರೆ
ಇಲ್ಲದ ನಿಲ್ದಾಣಕ್ಕೆ ಕಾಲು ಬ್ರೇಕು ಹುಡುಕುತ್ತದೆ.

ಹೊಸ ಫ್ಲ್ಯಾಟು. ಲಿಫ್ಟು. ಬೆಚ್ಚನೆಯ ನೆಲ, ನೀರಿಟ್ಟಷ್ಟು ಸಮ.
ಮಡಚಿದ ಕಾಗದ ಇಟ್ಟರೆ ಮೇಜು ಅಲ್ಲಾಡುತ್ತದೆ.
ಟೌನೊ ಇಟ್ಟ.

ಮೊದಲ ಶುಕ್ರವಾರ, ಒಂದಾಗಿ ಹದಿನಾಲ್ಕು ನಿಮಿಷ,
ಹಿಮದ ಹೊಳೆಯ ನಡುವೆ ನನ್ನ ಈಟಿಗಾರ್ತಿ,
ಹತ್ತೊಂಬತ್ತು ವರ್ಷ ಹೊತ್ತ ಒಂದೇ ಪ್ರಾಣ.
ಎಸೆದೆ. ನಾಲ್ಕು.
ಯಾರೂ ಉಸಿರಾಡಲಿಲ್ಲ.
ಗೋಡೆಯಲ್ಲಿ ಮುಳ್ಳು ಹದಿನೈದು ದಾಟಿತು, ಹದಿನಾರು.
ಅಷ್ಟು ದೂರದಿಂದ ಬರುವುದು
ಏನೋ ಬಂದಿರಬೇಕು, ಕಾಫಿಗೂ ಕಾಣದಷ್ಟು.
ನಾಲ್ಕೇ.

ಟೌನೊ ಪುಟ ನಲವತ್ತೊಂದು ತೆರೆದ.
ರಬ್ಬರು ಎತ್ತಿಕೊಂಡ. ಅಂಚನ್ನು ನೋಡುತ್ತ ಕೂತ.
ರಬ್ಬರು ಕೆಳಗಿಟ್ಟು, ನನ್ನ ಕಡೆ ತಿರುಗದೆ,
"ಹೊಳೆ ಅವಳನ್ನು ಕೊಂಡೊಯ್ದಿತು," ಅಂದ.

ಮುಂದಿನವಳಿಗೆ ಹಾಳೆ ಬೇಕು.
ಅಚ್ಚಾದವು ಎಂದೋ ಮುಗಿದವು;
ಜೆರಾಕ್ಸಿನ ಜೆರಾಕ್ಸಿನಲ್ಲಿ ಚೌಕಗಳೆಲ್ಲ ಮಂಜು.
ನಾನು ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ
ಸುನ್ನಾ ಸ್ಕೇಲು ಹಿಡಿದು
ಬಿಳಿ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಳು,
ಕೇಳುತ್ತಿದ್ದಳು, ತಲೆ ಎತ್ತದೆ:
ಶಕ್ತಿ ಮೊದಲೋ, ಅದೃಷ್ಟ ಮೊದಲೋ,
ನಿಮ್ಮ ಆವೃತ್ತಿಯಲ್ಲಿ?